ಎಲ್ಡರ್ ಸ್ಕ್ರೋಲ್ಸ್ 6: ಬಕೆಟ್ಟಿನ ಆಸೆ, ಬಾಗಿಲಿನ ಭಯ

ಸ್ಕೈರಿಮ್ ಅನ್ನೋ ವಿಡಿಯೋ ಗೇಮ್ ಆಡಿದವರಿಗೆ ಈ ಕಳ್ಳತನ ಗೊತ್ತೇ ಇರುತ್ತದೆ. ರಿವರ್‌ವುಡ್ ಅನ್ನೋ ಪುಟ್ಟ ಹಳ್ಳಿಯ ಅಂಗಡಿಗೆ ಹೋಗಬೇಕು. ಎಲ್ಲಿಂದಲಾದರೂ ಒಂದು ಬಕೆಟ್ ಎತ್ತಿಕೊಂಡು ಬರಬೇಕು. ಅಂಗಡಿಯವನ ತಲೆ ಮೇಲೆ ಅದನ್ನು ನಿಧಾನಕ್ಕೆ ಕವುಚಬೇಕು. ಆತ ಬೈಯುವುದಿಲ್ಲ, ಬಕೆಟ್ ತೆಗೆಯುವುದೂ ಇಲ್ಲ, ಹಾಗೇ ನಿಂತಿರುತ್ತಾನೆ. ಆಮೇಲೆ ಅಂಗಡಿ ಪೂರ್ತಿ ಗುಡಿಸಿಕೊಂಡು ಹೋಗಬಹುದು. ಯಾಕಂದ್ರೆ ಪಾಪ, ಆತನಿಗೆ ಏನೂ ಕಾಣಿಸುತ್ತಿಲ್ಲ.

ನಗು ಬರುವ ವಿಷಯವೇ. ಆದರೆ ಸ್ವಲ್ಪ ಯೋಚನೆ ಮಾಡಿ. 'ತಲೆ ಮೇಲೆ ಬಕೆಟ್ ಇದ್ದರೆ ಕಳ್ಳತನ ಕಾಣಬಾರದು' ಅಂತ ಯಾರೂ ಕೂತು ನಿಯಮ ಬರೆದಿರಲಿಲ್ಲ. ಆ ಗೇಮ್‌ನಲ್ಲಿ ಬಕೆಟ್ ಅನ್ನೋದು ಬರೀ ಚಿತ್ರ ಅಲ್ಲ. ಅದಕ್ಕೆ ತೂಕ ಇದೆ, ಎತ್ತಬಹುದು, ಎಸೆಯಬಹುದು, ಅದು ಅಡ್ಡ ಬರುತ್ತದೆ. ಅಂಗಡಿಯವನ ನೋಟ ಅಂದರೆ ಅವನ ತಲೆಯಿಂದ ಹೊರಡುವ ಒಂದು ಗೆರೆ. ಗೆರೆಗೆ ಬಕೆಟ್ ಅಡ್ಡ ಬಂತು, ನೋಟ ಅಲ್ಲೇ ನಿಂತಿತು. ಎರಡು ಬೇರೆ ಬೇರೆ ನಿಯಮಗಳು ಎದುರುಬದುರಾಗಿ ಯಾರೂ ಅಂದುಕೊಳ್ಳದ ಮೂರನೆಯದೊಂದು ಹುಟ್ಟಿತು.

ಸ್ಕೈರಿಮ್ ಆದ ಮೇಲೆ ಅದೇ ಸರಣಿಯಲ್ಲಿ ಬರಬೇಕಿರುವ ದಿ ಎಲ್ಡರ್ ಸ್ಕ್ರೋಲ್ಸ್ 6 ಬಗ್ಗೆ ಜನ ಇಷ್ಟು ವರ್ಷದಿಂದ ಯಾಕೆ ತಲೆ ಕೆಡಿಸಿಕೊಂಡಿದ್ದಾರೆ ಅಂತ ಯಾರಾದರೂ ಕೇಳಿದರೆ ನಾನು ಈ ಬಕೆಟ್ ಕತೆಯಿಂದಲೇ ಶುರು ಮಾಡುತ್ತೇನೆ. ಅಭಿಮಾನಿಗಳ ಆಸೆಯ ಪಟ್ಟಿ ಒಂದು, ಭಯದ ಪಟ್ಟಿ ಇನ್ನೊಂದು ಅಂತ ಬೇರೆ ಬೇರೆ ಇಲ್ಲ. ಎರಡನ್ನೂ ಕೆದಕಿ ನೋಡಿದರೆ ಬೇರು ಒಂದೇ. ಈ ಗೇಮ್‌ಗಳಲ್ಲಿ ಯಾವುದು ಜನಕ್ಕೆ ಹುಚ್ಚು ಹಿಡಿಸುತ್ತದೋ ಅದೇ ಅವನ್ನು ಕೆಡಿಸುವುದೂ ಹೌದು.

ಹೊಸಬರಿಗೆ ಬೇಗ ಹೇಳಿ ಮುಗಿಸುತ್ತೇನೆ. ಅಮೆರಿಕದ ಮೇರಿಲ್ಯಾಂಡ್‌ನಲ್ಲಿರುವ ಬೆಥೆಸ್ಡಾ ಗೇಮ್ ಸ್ಟುಡಿಯೋಸ್ ಮಾಡುವ ಫ್ಯಾಂಟಸಿ ಗೇಮ್‌ಗಳ ಸರಣಿ ಇದು. ಟ್ಯಾಮ್ರಿಯಲ್ ಅನ್ನೋ ಕಲ್ಪನೆಯ ಖಂಡದಲ್ಲಿ ಎಲ್ಲ ನಡೆಯುತ್ತದೆ. 1994ರಲ್ಲಿ ಅರೀನಾ, 1996ರಲ್ಲಿ ಡ್ಯಾಗರ್‌ಫಾಲ್, 2002ರಲ್ಲಿ ಮೊರೋವಿಂಡ್, 2006ರಲ್ಲಿ ಆಬ್ಲಿವಿಯನ್, 2011ರ ನವೆಂಬರ್ 11ರಂದು ಸ್ಕೈರಿಮ್. ಮೊರೋವಿಂಡ್‌ನಿಂದ ಈಚೆಗೆ ಒಂದೊಂದು ಗೇಮ್ ಆ ಖಂಡದ ಒಂದೊಂದು ನಾಡನ್ನು ಹಿಡಿದುಕೊಂಡಿದೆ. ಸ್ಕೈರಿಮ್ 6 ಕೋಟಿಗೂ ಹೆಚ್ಚು ಪ್ರತಿ ಮಾರಾಟವಾಗಿದೆ ಅಂತ ಅದರ ನಿರ್ದೇಶಕ ಟಾಡ್ ಹೊವರ್ಡ್ 2023ರಲ್ಲಿ ಹೇಳಿದರು. ನಡುವೆ 2014ರಲ್ಲಿ ಆನ್‌ಲೈನ್ ಗೇಮ್ ಒಂದು ಬಂತು, ಈಗಲೂ ನಡೆಯುತ್ತಿದೆ. ಆದರೆ ಅದನ್ನು ಮಾಡಿದ್ದು ಬೇರೆ ತಂಡ, ಅದರ ಲೆಕ್ಕವೂ ಬೇರೆ.

2018ರ ಜೂನ್ 10ರಂದು ಬೆಥೆಸ್ಡಾ 36 ಸೆಕೆಂಡಿನ ಒಂದು ತುಣುಕು ತೋರಿಸಿತು. ಬೆಟ್ಟ, ಒಣ ನೆಲ, ದೂರದಲ್ಲಿ ಸಮುದ್ರ ತೀರ, ಹಿನ್ನೆಲೆಯಲ್ಲಿ ಹಳೆಯ ರಾಗ, ಕೊನೆಗೆ ಹೆಸರು. ಅಷ್ಟೇ. ಗೇಮ್ ಹೇಗಿರುತ್ತದೆ ಅಂತ ಒಂದು ಕ್ಷಣವೂ ತೋರಿಸಲಿಲ್ಲ. ಆ 36 ಸೆಕೆಂಡನ್ನು ಜನ ಒಂದೊಂದೇ ಫ್ರೇಮ್ ನಿಲ್ಲಿಸಿ, ಕಲ್ಲಿನ ಬಣ್ಣ ನೋಡಿ, ತೀರದ ಅಂಚನ್ನು ಹಳೇ ನಕ್ಷೆಗಳ ಮೇಲೆ ಇಟ್ಟು, ಇದು ಇಂಥದೇ ನಾಡು ಅಂತ ವಾದ ಮಾಡಿಕೊಂಡು ವರ್ಷಗಟ್ಟಲೆ ಕಳೆದಿದ್ದಾರೆ. ಸ್ಕೈರಿಮ್ ಬಂದಾಗ ಪಿಯುಸಿಯಲ್ಲಿದ್ದವರು ಈಗ ಮಕ್ಕಳನ್ನು ಶಾಲೆಗೆ ಬಿಡಲು ಹೋಗುತ್ತಿದ್ದಾರೆ. ಕಾಯುವುದು ಅಂದರೆ ಈ ಥರ.

ಇಷ್ಟು ತಡ ಯಾಕೆ? ಇದರಲ್ಲಿ ಗುಟ್ಟೇನೂ ಇಲ್ಲ. ಈ ಸ್ಟುಡಿಯೋ ಒಂದು ಸಲಕ್ಕೆ ಒಂದೇ ದೊಡ್ಡ ಗೇಮ್‌ಗೆ ಪೂರ್ತಿ ಕೈ ಹಾಕುತ್ತದೆ. 2015ರಲ್ಲಿ ಫಾಲ್‌ಔಟ್ 4, 2018ರಲ್ಲಿ ಫಾಲ್‌ಔಟ್ 76, 2023ರ ಸೆಪ್ಟೆಂಬರ್‌ನಲ್ಲಿ ಬಾಹ್ಯಾಕಾಶದ ಗೇಮ್ ಸ್ಟಾರ್‌ಫೀಲ್ಡ್. ಎಲ್ಡರ್ ಸ್ಕ್ರೋಲ್ಸ್ 6 ಪೂರ್ವ ತಯಾರಿ ದಾಟಿ ನಿಜವಾದ ಕೆಲಸಕ್ಕೆ ಬಂದಿದೆ ಅಂತ ಸುದ್ದಿ ಬಂದದ್ದೇ 2023ರ ಆಗಸ್ಟ್‌ನಲ್ಲಿ. ಅಂದರೆ 2018ರಲ್ಲಿ ತೋರಿಸಿದಾಗ ತೋರಿಸಲು ಏನೂ ಇರಲಿಲ್ಲ. ಜನ ಕೇಳಿ ಕೇಳಿ ಸಾಕು ಮಾಡಿದ್ದಕ್ಕೆ, 'ಮಾಡುತ್ತೇವೆ ಮಾರಾಯ್ರೆ' ಅಂತ ಸಮಾಧಾನ ಹೇಳಿದ ಹಾಗೆ ಅದು. ಇವತ್ತಾದರೆ ಇಷ್ಟು ಗದ್ದಲ ಮಾಡದೆ ಹೇಳುತ್ತಿದ್ದೆ ಅಂತ ಹೊವರ್ಡ್ ಅವರೇ ಆಮೇಲೆ ಒಪ್ಪಿಕೊಂಡರು. 2024ರ ಮಾರ್ಚ್‌ನಲ್ಲಿ, ಸರಣಿಗೆ 30 ವರ್ಷ ತುಂಬಿದಾಗ, ಗೇಮ್‌ನ ಆರಂಭದ ರೂಪವನ್ನು ತಾವು ಆಡಿ ನೋಡುತ್ತಿದ್ದೇವೆ ಅಂತ ಸ್ಟುಡಿಯೋ ಹೇಳಿತು. 2025ರ ನವೆಂಬರ್‌ನಲ್ಲಿ ಹೊವರ್ಡ್ ಹೇಳಿದ್ದು, ಇನ್ನೂ ಬಹಳ ದೂರ ಇದೆ ಅಂತ.

ಸರಿ, ಈಗ ಬೇರಿನ ಕಡೆ ಬರೋಣ.

ಬೇರೆ ಬಹಳಷ್ಟು ಗೇಮ್‌ಗಳಲ್ಲಿ ಮೇಜಿನ ಮೇಲಿನ ತಟ್ಟೆ ಮೇಜಿಗೆ ಅಂಟಿದ ಅಲಂಕಾರ. ಬೆಥೆಸ್ಡಾ ಗೇಮ್‌ನಲ್ಲಿ ಆ ತಟ್ಟೆ ಎತ್ತಬಹುದು, ಮಾರಬಹುದು, ಇನ್ನೊಂದು ಊರಿಗೆ ಒಯ್ಯಬಹುದು. ಸ್ಕೈರಿಮ್‌ನ ವೈಟ್‌ರನ್ ಪಟ್ಟಣದಲ್ಲಿ ಒಂದು ಸಣ್ಣ ಮನೆ ಕೊಳ್ಳಬಹುದು. ಆ ಮನೆ ತುಂಬ ಚಕ್ರದಷ್ಟು ದೊಡ್ಡ ಚೀಸ್ ಗಾಲಿಗಳನ್ನು ಸುರಿದು, ಬಾಗಿಲು ಹಾಕಿಕೊಂಡು, ಐವತ್ತು ಗಂಟೆ ಬೇರೆಲ್ಲೋ ಅಲೆದು ವಾಪಸ್ ಬಂದರೂ ಆ ಚೀಸ್ ಅಷ್ಟೂ ಅಲ್ಲೇ ಬಿದ್ದಿರುತ್ತದೆ. ನೀವು ಇಟ್ಟ ಜಾಗದಲ್ಲೇ. ಅಷ್ಟನ್ನೂ ಗೇಮ್ ನೆನಪಿಟ್ಟುಕೊಳ್ಳಬೇಕು, ಸೇವ್ ಫೈಲಿನಲ್ಲಿ ಬರೆದಿಡಬೇಕು. ಊರಿನ ಜನಕ್ಕೂ ದಿನಚರಿ ಇದೆ. ಬೆಳಗ್ಗೆ ಅಂಗಡಿ ತೆಗೆಯುತ್ತಾರೆ, ಸಂಜೆ ಹೋಟೆಲಿಗೆ ಹೋಗಿ ಕೂರುತ್ತಾರೆ, ರಾತ್ರಿ ಮಲಗುತ್ತಾರೆ. ಇದನ್ನೆಲ್ಲ ನಡೆಸುವುದು ಅವರದೇ ಎಂಜಿನ್, ಅಂದರೆ ಗೇಮ್ ಓಡಿಸುವ ಮೂಲ ತಂತ್ರಾಂಶ. ಮೊರೋವಿಂಡ್ ಕಾಲದಲ್ಲಿ ಹೊರಗಿನಿಂದ ತಂದ ತಂತ್ರಾಂಶದ ಮೇಲೆ ಕಟ್ಟುತ್ತಾ ಬಂದದ್ದು, ಸ್ಕೈರಿಮ್ ಹೊತ್ತಿಗೆ ಕ್ರಿಯೇಷನ್ ಎಂಜಿನ್ ಆಯಿತು. ಸ್ಟಾರ್‌ಫೀಲ್ಡ್‌ಗೆ ಅದರ ಎರಡನೇ ರೂಪ ಬಂತು, ಎಲ್ಡರ್ ಸ್ಕ್ರೋಲ್ಸ್ 6 ಕೂಡ ಇದೇ ಸಾಲಿನ ಎಂಜಿನ್ ಮೇಲೇ ನಿಲ್ಲುತ್ತದೆ.

ಈ ನೆನಪಿಗೆ ಬೆಲೆ ತೆರಬೇಕಾಗುತ್ತದೆ. 2011ರಲ್ಲಿ ಪ್ಲೇಸ್ಟೇಷನ್ 3ರಲ್ಲಿ ಸ್ಕೈರಿಮ್ ಆಡಿದವರು ಅದನ್ನು ತೆತ್ತರು. ಆಡುತ್ತಾ ಆಡುತ್ತಾ ಸೇವ್ ಫೈಲ್ ಊದಿಕೊಂಡು, ಒಂದು ಹಂತದಲ್ಲಿ ಗೇಮ್ ಕಾಲು ಎಳೆಯಲು ಶುರು ಮಾಡುತ್ತಿತ್ತು. ಎಷ್ಟು ಪ್ರೀತಿಯಿಂದ ಜಾಸ್ತಿ ಆಡುತ್ತೀರೋ ಅಷ್ಟು ಜಾಸ್ತಿ ಕಾಟ!

ಬಗ್‌ಗಳ, ಅಂದರೆ ಗೇಮ್‌ನ ದೋಷಗಳ, ವಿಷಯದಲ್ಲಿ ನನಗೆ ಇಷ್ಟವಾದ ಕತೆ ಜೇನುನೊಣದ್ದು. ಸ್ಕೈರಿಮ್ ಶುರುವಾಗುವುದು ಒಂದು ಗಾಡಿಯಲ್ಲಿ. ನಿಮ್ಮ ಕೈ ಕಟ್ಟಿ, ಗಾಡಿಯಲ್ಲಿ ಕೂರಿಸಿ, ತಲೆ ಕಡಿಯಲು ಕರೆದೊಯ್ಯುತ್ತಿರುತ್ತಾರೆ. ಗೇಮ್ ತಯಾರಾಗುತ್ತಿದ್ದಾಗ ಆ ಗಾಡಿ ಒಮ್ಮೊಮ್ಮೆ ಗಡಗಡ ನಡುಗಿ ರಾಕೆಟ್ ಥರ ಆಕಾಶಕ್ಕೆ ಹಾರಿಹೋಗುತ್ತಿತ್ತಂತೆ. ಕಾರಣ ಹುಡುಕಿದರೆ ಒಂದು ಜೇನುನೊಣ. ಜೇನುನೊಣವನ್ನು ಹಿಡಿಯಲು ಆಗುತ್ತಿಲ್ಲ ಅನ್ನೋ ಬೇರೊಂದು ದೋಷ ಸರಿ ಮಾಡಲು ಹೋಗಿ, ಅದಕ್ಕೆ ಗಟ್ಟಿ ಮೈ ಕೊಟ್ಟಿದ್ದರು. ಆ ಮೈಯನ್ನು ಯಾವುದೂ ಅಲ್ಲಾಡಿಸಲು ಆಗುತ್ತಿರಲಿಲ್ಲ. ನೊಣ ದಾರಿಗೆ ಅಡ್ಡ ಬಂದರೆ ಗಾಡಿಯೇ ಹಾರಬೇಕು. ಆ ತಂಡದಲ್ಲಿದ್ದ ನೇಟ್ ಪರ್ಕಿಪೈಲ್ 2021ರಲ್ಲಿ ಈ ಕತೆ ಹೇಳಿದರು. ಈಗ ಬಕೆಟ್ ಜೊತೆ ಇದನ್ನು ಇಟ್ಟು ನೋಡಿ. ಎರಡೂ ಒಂದೇ ಜಾತಿ. ಒಂದನ್ನು ನಾವು ಸ್ವಾತಂತ್ರ್ಯ ಅನ್ನುತ್ತೇವೆ, ಇನ್ನೊಂದನ್ನು ಬಗ್ ಅನ್ನುತ್ತೇವೆ. ದೈತ್ಯನೊಬ್ಬ ಗದೆಯಿಂದ ಹೊಡೆದರೆ ಆಟಗಾರ ಮೋಡದವರೆಗೆ ಹಾರುವುದೂ ಮೊದಲು ಬಗ್ ಆಗಿತ್ತು. ತಮಾಷೆಯಾಗಿದೆ ಅಂತ ಸ್ಟುಡಿಯೋ ಅದನ್ನು ಹಾಗೇ ಬಿಟ್ಟಿತು.

ಹಾಗಾಗಿ 'ಈ ಹಳೇ ಎಂಜಿನ್ ಬಿಸಾಕಿ, ಅನ್‌ರಿಯಲ್ ಎಂಜಿನ್ 5 ತಗೊಳ್ಳಿ' ಅಂತ, ಬೇರೆ ಕಂಪನಿಯ ಚಂದದ ಎಂಜಿನ್ ತೋರಿಸಿ, ಕೂಗುವವರ ಸಿಟ್ಟು ನನಗೆ ಅರ್ಥವಾಗುತ್ತದೆ, ಆದರೆ ಒಪ್ಪುವುದಕ್ಕೆ ಆಗುವುದಿಲ್ಲ. ಚಂದ ಕಾಣುವುದು ಒಂದು ಕೆಲಸ. ಚೀಸ್ ಎಲ್ಲಿ ಬಿದ್ದಿದೆ ಅಂತ ನೆನಪಿಡುವುದು ಬೇರೆಯೇ ಕೆಲಸ. 2025ರ ಏಪ್ರಿಲ್ 22ರಂದು ಬಂದ ಆಬ್ಲಿವಿಯನ್ ರೀಮಾಸ್ಟರ್ಡ್, ಅಂದರೆ ಹಳೇ ಆಬ್ಲಿವಿಯನ್‌ನ ಹೊಸ ರೂಪ, ಇದನ್ನು ಚೆನ್ನಾಗಿ ತೋರಿಸಿತು. ವರ್ಚುಯೋಸ್ ಅನ್ನೋ ಸ್ಟುಡಿಯೋ ಜೊತೆ ಮಾಡಿದ್ದು. ಕಣ್ಣಿಗೆ ಕಾಣುವುದೆಲ್ಲ ಅನ್‌ರಿಯಲ್ 5. ಒಳಗೆ ಓಡುತ್ತಿರುವುದು ಮಾತ್ರ 2006ರ ಹಳೇ ಯಂತ್ರವೇ. ಹೊಸ ಸುಣ್ಣ ಬಣ್ಣ, ಒಳಗೆ ಅಜ್ಜನ ಕಾಲದ ಒಲೆ. ಒಬ್ಬ ಎಲ್ಫ್ ಹೆಂಗಸು ಮಾತಾಡುತ್ತಾ ತಪ್ಪಿ, ತಡಿ ಇನ್ನೊಂದ್ಸಲ ಹೇಳ್ತೀನಿ ಅನ್ನುವ ರೆಕಾರ್ಡಿಂಗ್ ತುಣುಕು 2006ರಲ್ಲಿ ತಪ್ಪಿ ಉಳಿದುಬಿಟ್ಟಿತ್ತು. ಅದನ್ನೂ ತೆಗೆಯದೆ ಇಟ್ಟಿದ್ದಾರೆ. ತೆಗೆದಿದ್ದರೆ ಜನ ಸುಮ್ನೆ ಬಿಡುತ್ತಿರಲಿಲ್ಲ ಬಿಡಿ.

ಇನ್ನು ಬಾಗಿಲು. ಇದು ಮೇಲಿಂದ ನೋಡಿದರೆ ಚಿಕ್ಕ ವಿಷಯ, ಆದರೆ ಅಭಿಮಾನಿಗಳ ಅರ್ಧ ಜಗಳ ಇಲ್ಲೇ ಇದೆ.

ಈ ಗೇಮ್‌ಗಳ ಪ್ರಪಂಚವನ್ನು ಸೆಲ್ ಅನ್ನೋ ಚೌಕಗಳಾಗಿ ಕತ್ತರಿಸಿ ಇಟ್ಟಿರುತ್ತಾರೆ, ಹೊಲದ ಪಾತಿಗಳ ಹಾಗೆ. ನೀವು ನಡೆದಂತೆ ಹತ್ತಿರದ ಪಾತಿಗಳು ಮೆಮೊರಿಗೆ ಬರುತ್ತವೆ, ಹಿಂದಿನವು ಹೋಗುತ್ತವೆ. ಮನೆಯ ಒಳಗು ಮಾತ್ರ ಬೇರೆಯೇ ಡಬ್ಬಿ. ಬಾಗಿಲು ತೆಗೆದರೆ ಲೋಡಿಂಗ್ ಸ್ಕ್ರೀನ್, ಆ ಡಬ್ಬಿ ಮೆಮೊರಿಗೆ ಬರುವವರೆಗೆ ಕಾಯಿಸುವ ಪರದೆ. ಮೊರೋವಿಂಡ್‌ನಲ್ಲಿ ಊರುಗಳು ಬಯಲಿನಲ್ಲೇ ಇದ್ದವು. ಮಂತ್ರ ಹಾಕಿ ಗಾಳಿಯಲ್ಲಿ ತೇಲಿಕೊಂಡು ಊರೊಳಗೆ ಇಳಿಯಬಹುದಿತ್ತು. ಆಬ್ಲಿವಿಯನ್‌ಗೆ ಬಂದಾಗ ಗ್ರಾಫಿಕ್ಸ್ ಭಾರ ಜಾಸ್ತಿಯಾಯಿತು. ದೊಡ್ಡ ಪಟ್ಟಣಗಳನ್ನು ಕೋಟೆ ಗೋಡೆಯೊಳಗೆ ಬೇರೆ ಡಬ್ಬಿ ಮಾಡಿಬಿಟ್ಟರು. ಹೊರಗಿನಿಂದ ಕಾಣುವ ಪಟ್ಟಣ ಬರೀ ತೋರಿಕೆಯದ್ದು, ನಾಟಕದ ಪರದೆ. ಈಗ ಯಾರಾದರೂ ತೇಲಿಕೊಂಡು ಗೋಡೆ ದಾಟಿದರೆ ಪರದೆಯ ಹಿಂದೆ ಏನೂ ಇಲ್ಲ ಅಂತ ಗೊತ್ತಾಗಿಬಿಡುತ್ತದೆ. ಅದಕ್ಕೆ ತೇಲುವ ಮಂತ್ರವನ್ನೇ ತೆಗೆದರು! ಕತೆಯೊಳಗೆ ಕಾನೂನು ಮಾಡಿ ನಿಷೇಧಿಸಿದ್ದಾರೆ ಅಂತ ಒಂದು ನೆಪ ಬೇರೆ. ಸ್ಕೈರಿಮ್‌ನಲ್ಲೂ ದೊಡ್ಡ ಪಟ್ಟಣಗಳಿಗೆ ಅದೇ ಗತಿ.

ಒಂದು ತಾಂತ್ರಿಕ ಇಕ್ಕಟ್ಟು ಆಟದ ಒಂದು ಖುಷಿಯನ್ನೇ ನುಂಗಿದ್ದು ಹೀಗೆ. ಆದ್ದರಿಂದ 'ಹೊಸ ಗೇಮ್‌ನಲ್ಲಿ ತೇಲಬಹುದಾ?' ಅಂತ ಯಾರಾದರೂ ಕೇಳಿದರೆ ಅದು ಮಕ್ಕಳ ಪ್ರಶ್ನೆ ಅಂದುಕೊಳ್ಳಬೇಡಿ. ಎಂಜಿನ್ ಎಷ್ಟು ಬದಲಾಗಿದೆ ಅಂತ ಆತ ಸುತ್ತು ಬಳಸಿ ಕೇಳುತ್ತಿದ್ದಾನೆ. ಸ್ಟಾರ್‌ಫೀಲ್ಡ್‌ಗೆ ಎಸ್‌ಎಸ್‌ಡಿ ಇಲ್ಲದೆ ಆಗುವುದಿಲ್ಲ ಅಂತ ಷರತ್ತು ಹಾಕಿದ್ದರು. ಅಷ್ಟು ವೇಗದ ಡಿಸ್ಕ್ ಇದ್ದೂ ಬಾಹ್ಯಾಕಾಶ ಹಡಗು ಹತ್ತಿದರೆ ಒಂದು ಲೋಡಿಂಗ್ ಪರದೆ, ಹಾರಿದರೆ ಒಂದು, ಇಳಿದರೆ ಒಂದು, ಅಂಗಡಿಗೆ ಹೋದರೆ ಮತ್ತೊಂದು. 2023ರಲ್ಲಿ ಇದು ಜನಕ್ಕೆ ಚುಚ್ಚಿತು.

ಸ್ಟಾರ್‌ಫೀಲ್ಡ್ ವಿಷಯ ಬಂತಲ್ಲ, ಇಲ್ಲಿ ಸ್ವಲ್ಪ ನಿಲ್ಲಬೇಕು. ನಿಜವಾದ ಭಯ ಇರುವುದು ಇಲ್ಲೇ.

ಬಕೆಟ್ ಏನೂ ಹೋಗಿರಲಿಲ್ಲ. ಹಡಗಿನ ತುಂಬ ಸಾವಿರಾರು ಆಲೂಗಡ್ಡೆ ಸುರಿದು, ಬಾಗಿಲು ತೆಗೆದರೆ ಅವು ಒಂದೊಂದಾಗಿ ಉರುಳಿ ಬರುವ ವಿಡಿಯೋಗಳನ್ನು ಆಗ ಎಲ್ಲರೂ ನೋಡಿದ್ದರು. ಸೊಗಸಾಗಿತ್ತು. ಹೋಗಿದ್ದು ಬೇರೆ. ಆ ಗೇಮ್‌ನಲ್ಲಿ 1,000ಕ್ಕೂ ಹೆಚ್ಚು ಗ್ರಹಗಳಿವೆ. ಅಷ್ಟನ್ನು ಕೈಯಲ್ಲಿ ಮಾಡಲು ಆಗುವುದಿಲ್ಲ. ನೆಲ, ಗುಡ್ಡ, ಗಿಡಗಳನ್ನು ಕಂಪ್ಯೂಟರ್ ಒಂದು ಲೆಕ್ಕದ ಪ್ರಕಾರ ಹಬ್ಬಿಸುತ್ತದೆ. ಆಮೇಲೆ ಮೊದಲೇ ಮಾಡಿಟ್ಟ ಕಟ್ಟಡಗಳನ್ನು ಅಲ್ಲಲ್ಲಿ ಊರುತ್ತದೆ. ಮನೆ ಮುಂದೆ ಕೈಯಲ್ಲಿ ಎಳೆದ ರಂಗೋಲಿಗೂ, ಪುಡಿ ತುಂಬಿ ಉರುಳಿಸುವ ಕೊಳವೆ ರಂಗೋಲಿಗೂ ಇರುವ ವ್ಯತ್ಯಾಸ ಇದು. ಕೊಳವೆಯಲ್ಲಿ ಕ್ಷಣದಲ್ಲಿ ಬೀದಿಯುದ್ದಕ್ಕೂ ಎಳೆಯಬಹುದು. ಮೊದಲ ಅಡಿ ಚಂದ. ಎರಡನೇ ಅಡಿಯಲ್ಲಿ ಅದೇ ನವಿಲು, ಮೂರನೇ ಅಡಿಯಲ್ಲೂ ಅದೇ ನವಿಲು. ಸ್ಟಾರ್‌ಫೀಲ್ಡ್‌ನಲ್ಲಿ ಒಂದು ಪಾಳುಬಿದ್ದ ಕ್ರಯೋ ಲ್ಯಾಬ್ ಇದೆ. ಮೊದಲ ಸಲ ಒಳಗೆ ಹೋದಾಗ ಮೈ ಜುಂ ಅನ್ನುತ್ತದೆ. ಇನ್ನೊಂದು ನಕ್ಷತ್ರದ ಇನ್ನೊಂದು ಗ್ರಹದಲ್ಲಿ ಅದೇ ಲ್ಯಾಬ್ ಸಿಗುತ್ತದೆ. ಅದೇ ಕೋಣೆ, ಅದೇ ಜಾಗದಲ್ಲಿ ಅದೇ ಹೆಣ, ಪಕ್ಕದಲ್ಲಿ ಅದೇ ಚೀಟಿ. ಅಲ್ಲಿಗೆ ಮಾಯೆ ಮುಗಿಯಿತು.

ಇದರ ಎದುರಿಗೆ ಸ್ಕೈರಿಮ್‌ನ ಒಂದು ಜಾಗ ಇಡುತ್ತೇನೆ. ಹಾಸ್ಟೆಲ್‌ನಲ್ಲಿ ಗೆಳೆಯನ ಪಿಸಿಯಲ್ಲಿ ರಾತ್ರಿ ಆಡುತ್ತಿದ್ದಾಗ ಸಿಕ್ಕಿದ್ದು. ಉತ್ತರದ ಹಿಮದ ಬೆಟ್ಟದ ಮೇಲೆ ಫ್ರಾಸ್ಟ್‌ಫ್ಲೋ ಅನ್ನೋ ಲೈಟ್‌ಹೌಸ್ ಒಂದಿದೆ. ಮುಖ್ಯ ಕತೆ ನಿಮ್ಮನ್ನು ಅಲ್ಲಿಗೆ ಕಳಿಸುವುದೇ ಇಲ್ಲ. ಚಳಿಗೆ, ದೂರದಲ್ಲಿ ಬೆಂಕಿ ಕಂಡು ಹೋಗಿದ್ದೆ. ಒಳಗೆ ಒಬ್ಬ ಹೆಂಗಸಿನ ಹೆಣ, ಪಕ್ಕದಲ್ಲಿ ಹುಳದಂಥ ಪ್ರಾಣಿಯ ಹೆಣ. ಕೋಣೆಗಳಲ್ಲಿ ಮನೆಯವರ ದಿನಚರಿ ಪುಸ್ತಕಗಳು. ಓದುತ್ತಾ ಹೋದರೆ ಗೊತ್ತಾಗುತ್ತದೆ, ಇದು ಗಂಡ, ಹೆಂಡತಿ, ಇಬ್ಬರು ಮಕ್ಕಳ ಸಂಸಾರ. ಅಪ್ಪನ ಹೆಸರು ಹಬ್ದ್, ಹಿಂದೆ ನಾವಿಕನಾಗಿದ್ದವನು. ನೆಲಮಾಳಿಗೆಯಲ್ಲಿ ಏನೋ ಸದ್ದು ಅಂತ ಬರೆದಿದ್ದಾರೆ. ಕೆಳಗೆ ಇಳಿದರೆ ಗೋಡೆ ಒಡೆದು ಸುರಂಗ. ಸುರಂಗದ ಕೊನೆಯಲ್ಲಿ ಒಂದು ದೊಡ್ಡ ಚೌರಸ್ ಹುಳ. ಅದನ್ನು ಕೊಂದು ನೋಡಿದರೆ ಅದರ ಹೊಟ್ಟೆಯಲ್ಲಿ ಹಬ್ದ್‌ನ ಅವಶೇಷ. ಸತ್ತ ಮೇಲೆ ತನ್ನನ್ನು ಲೈಟ್‌ಹೌಸಿನ ಬೆಂಕಿಯಲ್ಲಿ ಸುಡಬೇಕು ಅನ್ನೋದು ಆತನ ಆಸೆಯಾಗಿತ್ತು. ಯಾರೂ ನಿಮಗೆ ಹಾಗೆ ಮಾಡು ಅನ್ನುವುದಿಲ್ಲ, ದಾರಿ ತೋರಿಸುವ ಬಾಣದ ಗುರುತೂ ಇಲ್ಲ. ಮೇಲೆ ಹತ್ತಿ ಆ ಬೆಂಕಿಗೆ ಅವಶೇಷ ಹಾಕಿದರೆ ಸಣ್ಣದೊಂದು ವರ ಸಿಗುತ್ತದೆ, ಗಾಯ ಮಾಯಿಸುವ ಮಂತ್ರ ಸ್ವಲ್ಪ ಬಲವಾಗುತ್ತದೆ. ಅಷ್ಟೇ. ಅವತ್ತು ಗೆಳೆಯ ನಿದ್ದೆಯಿಂದ ಎದ್ದು 'ಏನಾಯ್ತೋ' ಅಂದ. ಏನು ಅಂತ ಹೇಳುವುದು?

ಇದನ್ನು ಕೊಳವೆ ರಂಗೋಲಿಯಲ್ಲಿ ಮಾಡಲು ಆಗುವುದಿಲ್ಲ. ಯಾರೋ ಒಬ್ಬರು ಕೂತು, ಆ ದಿನಚರಿಗಳನ್ನು ಬರೆದು, ಸುರಂಗ ತೋಡಿ, ಹುಳದ ಹೊಟ್ಟೆಯಲ್ಲಿ ಅಪ್ಪನನ್ನು ಇಟ್ಟು, ಮೇಲಿನ ಬೆಂಕಿಯನ್ನು ಅದಕ್ಕೆ ಕಟ್ಟಬೇಕು. ಸ್ಕೈರಿಮ್ ಮಾಡಿದ್ದು ಸುಮಾರು 100 ಜನರ ತಂಡ. 150ಕ್ಕೂ ಹೆಚ್ಚು ಗುಹೆ, ಕೋಟೆ, ಗೋರಿಗಳನ್ನು ಅವರು ಹೀಗೆ ಕೈಯಲ್ಲೇ ಜೋಡಿಸಿದರು.

ದೊಡ್ಡದು ಬೇಕು ಅನ್ನುವವರಿಗೆ ಇತಿಹಾಸ ಒಂದು ಪಾಠ ಇಟ್ಟಿದೆ. 1996ರ ಡ್ಯಾಗರ್‌ಫಾಲ್ ನಕ್ಷೆ ಸುಮಾರು 1.6 ಲಕ್ಷ ಚದರ ಕಿಲೋಮೀಟರ್ ಅಂತ ಅಭಿಮಾನಿಗಳು ಲೆಕ್ಕ ಹಾಕಿದ್ದಾರೆ. ನಮ್ಮ ಕರ್ನಾಟಕ 1.92 ಲಕ್ಷ. ಬೀದರಿನಿಂದ ಚಾಮರಾಜನಗರದವರೆಗೆ ನಡೆದ ಹಾಗೆ, ನಡೆಯಬಹುದು, ಆದರೆ ಯಾರೂ ನಡೆಯುವುದಿಲ್ಲ, ಯಾಕಂದ್ರೆ ಮಧ್ಯೆ ಏನೂ ಇಲ್ಲ. ಅದೂ ಕಂಪ್ಯೂಟರ್ ಹಬ್ಬಿಸಿದ ನೆಲವೇ. ಸ್ಕೈರಿಮ್ ನಕ್ಷೆ 40 ಚದರ ಕಿಲೋಮೀಟರಿಗಿಂತ ಕಮ್ಮಿ. ಬೆಂಗಳೂರಿನ ಒಂದು ಮೂಲೆಯಲ್ಲಿ ಕೂರುತ್ತದೆ. ಜನ 2011ರಿಂದ ಅದರಲ್ಲೇ ಸುತ್ತುತ್ತಿದ್ದಾರೆ, ಇನ್ನೂ ನೋಡದ ಗುಹೆ ಸಿಗುತ್ತಲೇ ಇದೆ. ಹೊಸ ಗೇಮ್ ಬಗ್ಗೆ ಮಾತಾಡುವಾಗ ಟಾಡ್ ಹೊವರ್ಡ್ ವೇದಿಕೆ ಮೇಲೆ ನಿಂತು ಯಾವುದಾದರೂ ದೊಡ್ಡ ಅಂಕಿ ಹೇಳಿದರೆ ನನಗೆ ಮೊದಲು ಹೊಟ್ಟೆಯಲ್ಲಿ ಕಲಕುತ್ತದೆ.

ಎರಡನೇ ಭಯ ಸರಳ ಮಾಡುತ್ತಾ ಹೋಗುವುದರ ಬಗ್ಗೆ. ಮೊರೋವಿಂಡ್‌ನಲ್ಲಿ 27 ಕೌಶಲಗಳಿದ್ದವು, ಆಬ್ಲಿವಿಯನ್‌ನಲ್ಲಿ 21, ಸ್ಕೈರಿಮ್‌ನಲ್ಲಿ 18. ನಿಮ್ಮದೇ ಮಂತ್ರ ಕಟ್ಟುವ ಅವಕಾಶ ಆಬ್ಲಿವಿಯನ್‌ವರೆಗೂ ಇತ್ತು, ಸ್ಕೈರಿಮ್‌ನಲ್ಲಿ ಹೋಯಿತು. ಮೊರೋವಿಂಡ್‌ನಲ್ಲಿ ದಾರಿ ಕೇಳಿದರೆ ಹಳ್ಳಿಯಲ್ಲಿ ಹೇಳುವ ಹಾಗೇ ಹೇಳುತ್ತಿದ್ದರು: ಸೇತುವೆ ದಾಟಿ, ಉತ್ತರಕ್ಕೆ ಹೋಗಿ, ದೊಡ್ಡ ಬಂಡೆ ಹತ್ತಿರ ಎಡಕ್ಕೆ. ಒಮ್ಮೊಮ್ಮೆ ತಪ್ಪು ದಾರಿಯನ್ನೂ ಹೇಳುತ್ತಿದ್ದರು! ಆಮೇಲೆ ಬಾಣದ ಗುರುತು ಬಂತು, ಜನ ಬಾಣ ನೋಡುತ್ತಾ ಓಡತೊಡಗಿದರು, ಪಕ್ಕದ ಬಂಡೆ ಯಾರ ಕಣ್ಣಿಗೂ ಬೀಳಲಿಲ್ಲ.

ಇದರ ಜೊತೆಗೆ, ಮಾಡಿದ್ದಕ್ಕೆ ಬೆಲೆ ಇಲ್ಲ ಅನ್ನೋ ದೂರು. ಸ್ಕೈರಿಮ್‌ನಲ್ಲಿ ಮಂತ್ರ ವಿದ್ಯೆ ಸರಿಯಾಗಿ ಕಲಿಯದೆಯೇ ಮಂತ್ರವಾದಿಗಳ ಕಾಲೇಜಿನ ಮುಖ್ಯಸ್ಥರಾಗಬಹುದು. ಒಂದೆರಡು ಮಂತ್ರ ಗೊತ್ತಿದ್ದು ಮಿಕ್ಕಿದ್ದೆಲ್ಲ ಕೊಡಲಿಯಲ್ಲಿ ಮುಗಿಸಿದವರು ನನ್ನ ಪರಿಚಯದಲ್ಲೇ ಇದ್ದಾರೆ. ಆಗ ಯಾರೂ ಅಷ್ಟು ತಲೆ ಕೆಡಿಸಿಕೊಳ್ಳಲಿಲ್ಲ. ಆದರೆ 2023ರಲ್ಲಿ ಬೇರೆ ಸ್ಟುಡಿಯೋದ ಬಾಲ್ಡರ್ಸ್ ಗೇಟ್ 3 ಬಂತು. ಅಲ್ಲಿ ನೀವು ಆಡಿದ ಒಂದು ಮಾತು ಮೂವತ್ತು ಗಂಟೆ ಆದ ಮೇಲೆ ತಿರುಗಿ ಬಂದು ಕಚ್ಚುತ್ತದೆ. ಅದಕ್ಕೂ ಮುಂಚೆ 2015ರಲ್ಲಿ ವಿಚರ್ 3, 2022ರಲ್ಲಿ ಎಲ್ಡನ್ ರಿಂಗ್. ಜನರ ನಾಲಿಗೆ ಬೇರೆ ರುಚಿ ಕಂಡಿದೆ. 2011ರ ಕತ್ತಿ ಬೀಸುವ ಆಟ, 2011ರ ಮಾತುಕತೆ ಈಗ ತಂದು ಇಟ್ಟರೆ ನಡೆಯುವುದಿಲ್ಲ. ಹಾಗಂತ ಇವರು ಬಾಲ್ಡರ್ಸ್ ಗೇಟ್ ಥರ ಮಾಡಲಿ ಅಂತಲೂ ಅಲ್ಲ. ಅದರಲ್ಲಿ ಯಾರ ತಲೆ ಮೇಲೂ ಬಕೆಟ್ ಕವುಚಿ ಊರು ಸುತ್ತುತ್ತಾ ಐವತ್ತು ಗಂಟೆ ಕಳೆಯಲು ಆಗುವುದಿಲ್ಲವಲ್ಲ.

ಮೂರನೆಯದು ಮಾಡ್‌ಗಳು. ಕನ್ನಡದಲ್ಲಿ ಬರೆದರೆ ಒಳ್ಳೇ ಫಜೀತಿ, ಮಾಡ್ ಮಾಡೋರು ಅಂತ ಬರೆಯಬೇಕು. ಆಟಗಾರರೇ ಗೇಮ್ ಬಿಚ್ಚಿ ಹೊಸದು ಸೇರಿಸುವುದು. ಮೊರೋವಿಂಡ್ ಜೊತೆಗೇ ಅದನ್ನು ತಿದ್ದುವ ಉಪಕರಣವನ್ನು ಬೆಥೆಸ್ಡಾ ಕೊಟ್ಟಿತ್ತು. ಸ್ಕೈರಿಮ್ ಇಷ್ಟು ವರ್ಷ ಬದುಕಿರುವುದಕ್ಕೆ ಅರ್ಧ ಕಾರಣ ಇವರೇ. 2015ರಲ್ಲಿ ಸ್ಕೈರಿಮ್ ಮಾಡ್ ಆಗಿ ಹುಟ್ಟಿದ ದಿ ಫರ್ಗಾಟನ್ ಸಿಟಿ, 2021ರಲ್ಲಿ ಸ್ವಂತ ಗೇಮ್ ಆಗಿ ಹೊರಬಂತು. ಇಲ್ಲೂ ಹಳೇ ಎಂಜಿನ್ನಿನ ಪುಣ್ಯ ಇದೆ. ಪ್ರತಿ ವಸ್ತುವೂ ಪಟ್ಟಿಯಲ್ಲಿ ಒಂದು ಸಾಲು ಆಗಿರುವುದರಿಂದ ಸಾಲು ಸೇರಿಸುವುದು, ಬದಲಿಸುವುದು ಸುಲಭ.

ಭಯ ಏನಪ್ಪಾ ಅಂದರೆ ದುಡ್ಡು. 2006ರಲ್ಲಿ ಆಬ್ಲಿವಿಯನ್‌ನ ಕುದುರೆಗೆ ಕವಚ ಅಂತ ಎರಡೂವರೆ ಡಾಲರ್‌ಗೆ ಮಾರಿದರು. ಆ ಕುದುರೆ ಇವತ್ತಿಗೂ ನಗೆಪಾಟಲು. 2015ರ ಏಪ್ರಿಲ್‌ನಲ್ಲಿ ಸ್ಟೀಮ್ ಅನ್ನೋ ಗೇಮ್ ಮಾರುವ ತಾಣದಲ್ಲಿ ಮಾಡ್‌ಗಳಿಗೆ ಬೆಲೆ ಇಡಲು ಹೋಗಿ, ಜನ ತಿರುಗಿ ಬಿದ್ದು, ನಾಲ್ಕೇ ದಿನದಲ್ಲಿ ಹಿಂದೆ ತೆಗೆದರು. ಆಮೇಲೆ 2017ರಲ್ಲಿ ಕ್ರಿಯೇಷನ್ ಕ್ಲಬ್, 2023ರ ಡಿಸೆಂಬರ್‌ನಲ್ಲಿ ಕ್ರಿಯೇಷನ್ಸ್ ಅಂತ ಬೇರೆ ಬೇರೆ ಹೆಸರಲ್ಲಿ ಅದೇ ಬಾಗಿಲು ತಟ್ಟುತ್ತಿದ್ದಾರೆ. ಮಾಡ್ ಮಾಡಿದವರಿಗೆ ದುಡ್ಡು ಸಿಗಲಿ ಅನ್ನೋದರಲ್ಲಿ ನನಗೆ ತಕರಾರಿಲ್ಲ. ಆದರೆ ಗೇಮ್‌ನಲ್ಲೇ ಇರಬೇಕಾದದ್ದನ್ನು ತುಂಡು ಮಾಡಿ ಆಮೇಲೆ ಮಾರಿದರೆ?

ಉಳಿದ ವಿಷಯಗಳನ್ನು ಬೇಗ ಹೇಳುತ್ತೇನೆ. ಜಾಗ ಹ್ಯಾಮರ್‌ಫೆಲ್ ಅಂತ ಬಹಳ ಜನರ ಊಹೆ. ಮರುಭೂಮಿ, ಸಮುದ್ರ, ಕತ್ತಿವರಸೆಗೆ ಹೆಸರಾದ ರೆಡ್‌ಗಾರ್ಡ್ ಜನರ ನಾಡು. ಹಬ್ದ್‌ನ ಸಂಸಾರವೂ ರೆಡ್‌ಗಾರ್ಡರದೇ. 2020ರ ಕೊನೆಯ ದಿನ ಬೆಥೆಸ್ಡಾ ಹಾಕಿದ ಒಂದು ಚಿತ್ರದಲ್ಲಿ ನಕ್ಷೆಯ ಮೇಲೆ ಮೇಣದಬತ್ತಿ ಎಲ್ಲಿಟ್ಟಿದ್ದಾರೆ ಅಂತ ನೋಡಿ ಈ ಊಹೆ ಇನ್ನೂ ಬಲವಾಯಿತು. ಅಧಿಕೃತವಾಗಿ ಯಾರೂ ಹೌದು ಅಂದಿಲ್ಲ. ಸಂಗೀತದ ಬಗ್ಗೆಯೂ ಆತಂಕ ಇದೆ. ಮೊರೋವಿಂಡ್, ಆಬ್ಲಿವಿಯನ್, ಸ್ಕೈರಿಮ್ ಮೂರಕ್ಕೂ ಜೆರೆಮಿ ಸೋಲ್ ಸಂಗೀತ, ಸ್ಟಾರ್‌ಫೀಲ್ಡ್‌ಗೆ ಇನಾನ್ ಜೂರ್. ಮಂಜು ಬೀಳುವ ರಾತ್ರಿ ಸ್ಕೈರಿಮ್‌ನಲ್ಲಿ ಬರುತ್ತಿದ್ದ ಆ ಮೆಲ್ಲನೆ ನಾದ ನೆನಪಿದ್ದವರಿಗೆ ಇದು ಸಣ್ಣ ವಿಷಯ ಅಲ್ಲ.

ಬೆಥೆಸ್ಡಾದ ಮಾತೃ ಸಂಸ್ಥೆಯನ್ನು ಎಕ್ಸ್‌ಬಾಕ್ಸ್ ಮಾಡುವ ಮೈಕ್ರೋಸಾಫ್ಟ್ 750 ಕೋಟಿ ಡಾಲರ್‌ಗೆ ಕೊಳ್ಳುತ್ತೇನೆ ಅಂದದ್ದು 2020ರಲ್ಲಿ, ವ್ಯವಹಾರ ಮುಗಿದದ್ದು 2021ರ ಮಾರ್ಚ್‌ನಲ್ಲಿ. ಆವತ್ತಿನಿಂದ ಪ್ರತಿಸ್ಪರ್ಧಿ ಸೋನಿಯ ಪ್ಲೇಸ್ಟೇಷನ್ ಇಟ್ಟುಕೊಂಡವರ ಎದೆ ಡವಡವ, ಗೇಮ್ ತಮಗೆ ಸಿಗದೇ ಹೋದರೆ ಅಂತ. ನಮ್ಮ ಕಡೆ ಪಿಸಿಯಲ್ಲಿ ಆಡುವವರ ಚಿಂತೆ ಬೇರೆ. ಸ್ಟಾರ್‌ಫೀಲ್ಡ್‌ಗೇ 125 ಜಿಬಿ ಜಾಗ, 16 ಜಿಬಿ ರ‍್ಯಾಮ್ ಬೇಕಿತ್ತು. ಹೊಸದಕ್ಕೆ ಎಷ್ಟು ಕೇಳುತ್ತದೋ. ಬೆಂಗಳೂರಿನ ಎಸ್‌ಪಿ ರೋಡ್‌ನಲ್ಲಿ ಗ್ರಾಫಿಕ್ಸ್ ಕಾರ್ಡ್ ಬೆಲೆ ಕೇಳಿ ಟೀ ಕುಡಿದು ವಾಪಸ್ ಬರುವುದು ಈಗ ನನಗೆ ಅಭ್ಯಾಸವಾಗಿದೆ.

ಕಾಯುವವರಲ್ಲಿ ಒಬ್ಬರ ಹೆಸರು ಹೇಳಲೇಬೇಕು. ಶರ್ಲಿ ಕರಿ ಅನ್ನೋ ಅಮೆರಿಕದ ಅಜ್ಜಿ, 1936ರಲ್ಲಿ ಹುಟ್ಟಿದವರು. ಸ್ಕೈರಿಮ್ ಆಡುತ್ತಾ, ಕತೆ ಹೇಳುತ್ತಾ ವಿಡಿಯೋ ಮಾಡಿ, ನೋಡುವವರನ್ನೆಲ್ಲ ಮೊಮ್ಮಕ್ಕಳು ಅನ್ನುತ್ತಿದ್ದರು. ಮುಂದಿನ ಗೇಮ್‌ನಲ್ಲಿ ಅಜ್ಜಿಯನ್ನು ಒಂದು ಪಾತ್ರ ಮಾಡಿ ಅಂತ ಮೊಮ್ಮಕ್ಕಳು ಅರ್ಜಿ ಹಾಕಿದರು. 2019ರಲ್ಲಿ ಬೆಥೆಸ್ಡಾ ಒಪ್ಪಿತು. 2019ರಲ್ಲಿ! ಗೇಮ್ ಬರಲು ಎಷ್ಟು ಹೊತ್ತು ತಗೊಂಡರೂ ಪರವಾಗಿಲ್ಲ, ಅವಸರ ಮಾಡಿ ಕೆಡಿಸಬೇಡಿ ಅನ್ನುವವರೂ ಅಜ್ಜಿಯ ವಿಷಯ ಬಂದಾಗ ಸ್ವಲ್ಪ ಮೆತ್ತಗಾಗುತ್ತಾರೆ.

ಆಬ್ಲಿವಿಯನ್ ರೀಮಾಸ್ಟರ್ಡನ್ನು ಬೆಳಗ್ಗೆ ತೋರಿಸಿ ಅವತ್ತೇ ಮಾರಾಟಕ್ಕೆ ಬಿಟ್ಟಿದ್ದರು. ವರ್ಷಗಟ್ಟಲೆ ಮೊದಲೇ ಹೇಳುವುದಕ್ಕಿಂತ ಹೀಗೆ ಹೇಳಿ ಕೂಡಲೇ ಬಿಡುವುದೇ ತನಗಿಷ್ಟ ಅಂತ ಹೊವರ್ಡ್ ಹೇಳಿದ್ದಾರೆ. ಹಾಗಾಗಿ ಎಲ್ಡರ್ ಸ್ಕ್ರೋಲ್ಸ್ 6ರ ನಿಜವಾದ ಟ್ರೈಲರ್ ಬಂದಾಗ ತೀರ್ಮಾನಕ್ಕೆ ಜಾಸ್ತಿ ಸಮಯ ಸಿಗದೇ ಇರಬಹುದು. ನಾನು ಡ್ರ್ಯಾಗನ್, ಬೆಂಕಿ, ಯುದ್ಧ ಯಾವುದನ್ನೂ ನೋಡುವುದಿಲ್ಲ. ಯಾರಾದರೂ ಒಂದು ಪಟ್ಟಣದ ಕಡೆ ನಡೆದು ಹೋಗುವ ದೃಶ್ಯ ಇದ್ದೇ ಇರುತ್ತದೆ. ಕೋಟೆ ಬಾಗಿಲು ಬರುತ್ತದೆ. ಅಲ್ಲಿ ಕ್ಯಾಮೆರಾ ಕತ್ತರಿಸದೆ, ಪರದೆ ಕಪ್ಪಾಗದೆ, ಸೀದಾ ಒಳಗೆ ಹೋಗಿ ಸಂತೆಯ ಮಧ್ಯೆ ನಿಂತರೆ, ಅಲ್ಲಿ ಯಾವುದಾದರೂ ಅಂಗಡಿ ಮುಂದೆ ಎತ್ತಬಹುದಾದ ಬಕೆಟ್ ಒಂದು ಕಂಡರೆ, ಅವತ್ತೇ ಎಸ್‌ಪಿ ರೋಡ್‌ಗೆ ಹೋಗುತ್ತೇನೆ. ಈ ಸಲ ಟೀ ಕುಡಿದು ವಾಪಸ್ ಬರುವುದಿಲ್ಲ.